ಅಕ್ರೊಪೊರಾ ತುಂಡುಗಳು ಬುಡದಿಂದ ಬೆಳ್ಳಗಾಗುತ್ತಿವೆ, ಅಂಟಿನ ತಪ್ಪಾ?

ನೀಲಿಗಾಜು
ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನನ್ನದು 300 ಲೀಟರಿನ ಉಪ್ಪುನೀರಿನ ಹವಳದ ಟ್ಯಾಂಕ್. ಕಲ್ಲು, ಮರಳು ಕಳೆದರೆ 260 ಲೀಟರ್ ನೀರು ಇರಬಹುದು. ಶುರು ಮಾಡಿ 14 ತಿಂಗಳಾಯಿತು. ಮೆತ್ತನೆಯ ಹವಳಗಳು, ಎರಡು ಯೂಫಿಲಿಯಾ, ತಟ್ಟೆಯ ಹಾಗೆ ಬೆಳೆಯುವ ಒಂದು ಮಾಂಟಿಪೊರಾ, ಎಲ್ಲ ಚೆನ್ನಾಗಿವೆ. ಕಲ್ಲಿನ ಮೇಲೆ ನೇರಳೆ ಬಣ್ಣದ ಕೋರಲೈನ್ ಪಾಚಿ ಹಬ್ಬಿದೆ. ಇಷ್ಟಾದ ಮೇಲೆ ಧೈರ್ಯ ಬಂದು ಎರಡು ತಿಂಗಳ ಹಿಂದೆ ಐದು ಅಕ್ರೊಪೊರಾ (ಕೊಂಬೆ ಕೊಂಬೆಯಾಗಿ ಬೆಳೆಯುವ ಗಟ್ಟಿ ಹವಳ) ತುಂಡು, ಅದೇ ಥರದ ತೆಳು ಕೊಂಬೆಯ ಒಂದು ಬರ್ಡ್ಸ್‌ನೆಸ್ಟ್ ತಂದೆ. ಎಲ್ಲವೂ ಕಿರುಬೆರಳಿಗಿಂತ ಚಿಕ್ಕವು.

ಪ್ಲಗ್ (ತುಂಡು ಕೂರಿಸಿ ಕೊಡುವ ಪುಟ್ಟ ಬಿಲ್ಲೆ) ಸಮೇತ ಸೂಪರ್‌ಗ್ಲೂ ಜೆಲ್ ಹಾಕಿ ಕಲ್ಲಿನ ಮೇಲ್ತುದಿಯಲ್ಲಿ ಅಂಟಿಸಿದೆ. ಮೊದಲ ವಾರವೇ ಎರಡು ಬಿದ್ದವು. ಬಸವನಹುಳು ತಳ್ಳಿತ್ತು. ಮತ್ತೆ ಅಂಟಿಸಿದೆ, ಮತ್ತೆ ಬಿದ್ದವು. ಮೂರನೇ ಸಲ ಪ್ಲಗ್ ಕತ್ತರಿಸಿ ತೆಗೆದು ಕೊಂಬೆಯನ್ನೇ ಕಲ್ಲಿಗೆ ಹಚ್ಚಿದೆ. ಈ ಸಲ ಅಂಟು ಜಾಸ್ತಿ ಹಾಕಿದೆ, ಬುಡ ಮುಚ್ಚುವಷ್ಟು. ಆಮೇಲೆ ಅಂಟು ಇದ್ದ ಜಾಗದಿಂದ ಬೆಳ್ಳಗಾಗುತ್ತಾ ಮೇಲಕ್ಕೆ ಹೋಯಿತು. ಹತ್ತು ಹನ್ನೆರಡು ದಿನದಲ್ಲಿ ತುದಿ ಮುಟ್ಟಿತು. ಹೀಗೆ ಮೂರು ಹೋದವು. ಉಳಿದ ಎರಡು ಅಕ್ರೊಪೊರಾ ಮತ್ತು ಬರ್ಡ್ಸ್‌ನೆಸ್ಟ್ ಇನ್ನೂ ಇವೆ, ಆದರೆ ಬಣ್ಣ ಮಂಕಾಗಿದೆ.

ನೀರಿನ ಲೆಕ್ಕ: ಉಪ್ಪಿನಂಶ 35, ಶಾಖ 25.5 ಡಿಗ್ರಿ, ಆಲ್ಕಲಿನಿಟಿ (ಹವಳ ಮೂಳೆ ಕಟ್ಟಲು ಬಳಸುವ ಕಾರ್ಬನೇಟಿನ ಅಳತೆ) 8.2 ಡಿಕೆಎಚ್, ಕ್ಯಾಲ್ಸಿಯಂ 420, ಮೆಗ್ನೀಸಿಯಂ 1320, ನೈಟ್ರೇಟ್ 5, ಫಾಸ್ಫೇಟ್ 0.05. ಎಲ್ಲ ಸರಿಯಾಗೇ ಇದೆ ಅಲ್ವಾ? ಹಾಗಾದರೆ ಅಂಟು ವಿಷವೇ? ಎಪಾಕ್ಸಿಗೆ ಹೋಗಲೇ? ಉಳಿದ ಮೂರನ್ನಾದರೂ ಉಳಿಸಿಕೊಳ್ಳಬೇಕು. ಬೆಳಿಗ್ಗೆ ಎದ್ದ ತಕ್ಷಣ ಟಾರ್ಚ್ ಹಿಡಿದು ಅವನ್ನೇ ನೋಡುತ್ತೇನೆ.

ಅಲೆಗಾರ
ಬೆಳ್ಳಗಾದ ಜಾಗದಲ್ಲಿ ಚರ್ಮ ಇದೆಯಾ, ಇಲ್ಲ ಬರೀ ಮೂಳೆ ಕಾಣುತ್ತಿದೆಯಾ? ಇದನ್ನು ಮೊದಲು ಹೇಳಿ.

ನೀಲಿಗಾಜು
ಬರೀ ಮೂಳೆ. ಚರ್ಮ ಸುಲಿದು ಎಳೆ ಎಳೆಯಾಗಿ ನೀರಲ್ಲಿ ಹೋಗುತ್ತಿತ್ತು.

ಅಲೆಗಾರ
ಹಾಗಾದರೆ ಇದು ಬ್ಲೀಚಿಂಗ್ ಅಲ್ಲ. ಬ್ಲೀಚಿಂಗಿನಲ್ಲಿ ಒಳಗಿರುವ ಪಾಚಿ ಹೊರಟುಹೋಗುತ್ತದೆ, ಚರ್ಮ ಗಾಜಿನ ಹಾಗೆ ಉಳಿಯುತ್ತದೆ, ಪಾಲಿಪ್ (ಹವಳದ ಒಂದೊಂದು ಪುಟ್ಟ ಜೀವಿ) ಜೀವಂತ ಇರುತ್ತದೆ. ನಿಮ್ಮದರಲ್ಲಿ ಚರ್ಮವೇ ಸಾಯುತ್ತಿದೆ. ನಿಧಾನಕ್ಕೆ ಆದರೆ ಎಸ್‌ಟಿಎನ್ ಅನ್ನುತ್ತಾರೆ, ಒಂದೆರಡು ದಿನದಲ್ಲೇ ಪೂರ್ತಿ ಸುಲಿದರೆ ಆರ್‌ಟಿಎನ್. ನಿಮಗೆ ಆಗಿರುವುದು ನಿಧಾನದ್ದು. ಅಂದರೆ ಹುಡುಕಲು ಸಮಯ ಇದೆ.

ಗಟ್ಟಿಅಂಟು
ಸೂಪರ್‌ಗ್ಲೂ ಬಿಟ್ಟುಬಿಡಿ ಸರ್. ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ತೆಗೆದುಕೊಳ್ಳಿ. ನಾನು ಆರು ವರ್ಷದಿಂದ ಅದೇ ಬಳಸುವುದು. ಬಸವನಹುಳು ಏನು, ಸಮುದ್ರ ಮುಳ್ಳುಚೆಂಡು ಹತ್ತಿದರೂ ಅಲ್ಲಾಡುವುದಿಲ್ಲ.

ಹವಳದಕೊಂಬೆ
ಮೊದಲು ಒಂದು ಭಯ ತೆಗೆದುಬಿಡುತ್ತೇನೆ. ಸೂಪರ್‌ಗ್ಲೂ ವಿಷ ಅಲ್ಲ. ಅದು ಸಯನೊಅಕ್ರಿಲೇಟ್. ನೀರಿನ ತೇವ ತಾಗಿದರೆ ತಾನೇ ಗಟ್ಟಿಯಾಗುತ್ತದೆ, ಅದಕ್ಕೇ ಟ್ಯಾಂಕಿಗೆ ಒಗ್ಗುತ್ತದೆ. ಹವಳ ಸಾಕುವವರು ದಶಕಗಳಿಂದ ಇದನ್ನೇ ಬಳಸುತ್ತಿದ್ದಾರೆ. ಆದರೆ ಅಂಟು ಕೂತ ಕಡೆ ಚರ್ಮ ಉಸಿರುಗಟ್ಟಿ ಸಾಯುತ್ತದೆ. ಆರೋಗ್ಯವಾದ ಹವಳಕ್ಕೆ ಇದು ದೊಡ್ಡ ವಿಷಯವಲ್ಲ, ಅಷ್ಟು ಬಿಟ್ಟುಕೊಟ್ಟು ಮತ್ತೆ ಅದರ ಮೇಲೇ ಹಬ್ಬುತ್ತದೆ. ಸೋತಿರುವ ಹವಳಕ್ಕೆ ಅಲ್ಲಿಂದಲೇ ಸಾವು ಶುರುವಾಗುತ್ತದೆ. ಅಂಟು ಸಾವಿಗೆ ಬಾಗಿಲು ತೆರೆಯಿತು, ಅಷ್ಟೇ. ಒಳಗೆ ಬಂದಿದ್ದು ಬೇರೆ ಏನೋ.

ಇನ್ನು ಗಟ್ಟಿಅಂಟು ಅವರೇ, ಎಪಾಕ್ಸಿ ಒಂದನ್ನೇ ಹಾಕಿದರೆ ನೀರೊಳಗೆ ಅದು ಕಲ್ಲಿಗೆ ಹಿಡಿಯುವುದಿಲ್ಲ. ಅದು ಸಂದು ತುಂಬುತ್ತದೆ, ಆಕಾರ ಹಿಡಿಯುತ್ತದೆ. ಹಿಡಿತ ಕೊಡುವುದು ಸೂಪರ್‌ಗ್ಲೂ. ಎರಡನ್ನೂ ಸೇರಿಸಿ ಬಳಸಬೇಕು. ಕಲ್ಲಿನ ಕಡೆ ಒಂದು ಪದರ ಜೆಲ್, ನಡುವೆ ಪುಟ್ಟಿ, ಹವಳದ ಕಡೆ ಇನ್ನೊಂದು ಪದರ ಜೆಲ್.

ಗಟ್ಟಿಅಂಟು
ನನಗೆ ಎಪಾಕ್ಸಿ ಒಂದೇ ಸಾಕಾಗಿದೆ ಮೇಡಂ. ಕಲ್ಲಿನ ಗುಂಡಿಯೊಳಗೆ ಒತ್ತಿದರೆ ಯಾಕೆ ಹಿಡಿಯುವುದಿಲ್ಲ?

ಹವಳದಕೊಂಬೆ
ಗುಂಡಿಯೊಳಗೆ ಒತ್ತಿದರೆ ಹಿಡಿಯುತ್ತದೆ, ಒಪ್ಪಿದೆ. ಆಗ ಅಂಟಲ್ಲ, ಗುಂಡಿಯ ಆಕಾರ ಹಿಡಿದಿರುತ್ತದೆ. ಚಪ್ಪಟೆ ಕಲ್ಲಿನ ಮೇಲೆ ಅದೇ ಪುಟ್ಟಿ ನಾಲ್ಕು ದಿನಕ್ಕೆ ಬಿಲ್ಲೆಯ ಹಾಗೆ ಕಳಚಿ ಬರುತ್ತದೆ.

ಪುಟ್ಟಟ್ಯಾಂಕ್
ಎಪಾಕ್ಸಿ ಹಾಕಿದ ದಿನ ನನ್ನ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಉಕ್ಕಿ ನೆಲವೆಲ್ಲ ಒದ್ದೆಯಾಗಿತ್ತು. ಇದು ಎಲ್ಲರಿಗೂ ಆಗುತ್ತದಾ?

ಗಟ್ಟಿಅಂಟು
ಆಗುತ್ತದೆ. ಜಾಸ್ತಿ ಪುಟ್ಟಿ ಹಾಕಿದ ದಿನ ಸ್ಕಿಮ್ಮರ್ ಆರಿಸಿ ಅಥವಾ ಕಪ್ ತೆರೆದಿಡಿ. ಒಂದೆರಡು ದಿನಕ್ಕೆ ಸರಿಹೋಗುತ್ತದೆ. ಒಂದೇ ದಿನ ಅರ್ಧ ಕಡ್ಡಿ ಪುಟ್ಟಿ ಖಾಲಿ ಮಾಡಬೇಡಿ.

ಮೂರನೇಟ್ಯಾಂಕ್
ನನಗೆ ಹುಳದ ಅನುಮಾನ. ಬುಡದಿಂದ ಸಾಯುವುದು, ಬಣ್ಣ ಮಂಕಾಗುವುದು ಎರಡೂ ಸೇರಿದರೆ ನನ್ನ ತಲೆಗೆ ಮೊದಲು ಬರುವುದು ಅಕ್ರೊಪೊರಾ ತಿನ್ನುವ ಚಪ್ಪಟೆ ಹುಳ. ನನ್ನ ಎರಡನೇ ಟ್ಯಾಂಕನ್ನು ಅದೇ ಮುಗಿಸಿತು. ಹನ್ನೊಂದು ಅಕ್ರೊಪೊರಾ ಇದ್ದವು. ನಾಲ್ಕು ತಿಂಗಳು ನಾನು ದೀಪ ಬದಲಿಸಿದೆ, ನೀರು ಬದಲಿಸಿದೆ, ಪುಸ್ತಕ ಓದಿದೆ. ಹುಳ ಹವಳದ ಬಣ್ಣದಲ್ಲೇ ಇರುವುದರಿಂದ ಕಣ್ಣಿಗೆ ಬೀಳಲೇ ಇಲ್ಲ. ಕೊನೆಯದು ಸಾಯುವಾಗ ಒಂದು ಡಬ್ಬಿಗೆ ಹಾಕಿ ಡಿಪ್ ಮಾಡಿದೆ, ಅಂದರೆ ಔಷಧಿ ನೀರಲ್ಲಿ ಅದ್ದಿದೆ. ತಳದಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಹುಳ ಉದುರಿದವು. ಆ ದಿನ ಇನ್ನೂ ನೆನಪಿದೆ.

ವಿಜ್ಞಾನಿಗಳು 2011ರಲ್ಲಿ ಇದಕ್ಕೆ ಅಮಾಕುಸಪ್ಲಾನಾ ಅಕ್ರೊಪೊರೇ ಎಂದು ಹೆಸರಿಟ್ಟರು. ಅದಕ್ಕೂ ಮೊದಲೇ ಟ್ಯಾಂಕ್ ಇಟ್ಟವರು ಅದರಿಂದ ಸಾಕಷ್ಟು ಅತ್ತಿದ್ದಾರೆ. ಹವಳದ ಮೇಲೆ ಸಣ್ಣ ಸಣ್ಣ ದುಂಡನೆಯ ಮಾಸಲು ಗುರುತು ಇದೆಯಾ ನೋಡಿ, ಅದು ಕಚ್ಚಿದ ಗುರುತು. ಬುಡದ ಹತ್ತಿರ ಚರ್ಮ ಇಲ್ಲದ ಮೂಳೆಯ ಮೇಲೆ ಕಂದು ಬಣ್ಣದ ಮೊಟ್ಟೆ ಗುಂಪು ಇದೆಯಾ ಭೂತಗನ್ನಡಿ ಹಿಡಿದು ನೋಡಿ. ಡಿಪ್ಪಿಗೆ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆಯಂತೆ ಹಲವು ವಾರ ಡಿಪ್ ಮಾಡಬೇಕು, ಮೊಟ್ಟೆ ಕಂಡರೆ ಕೆರೆದು ತೆಗೆಯಬೇಕು.

ನೀಲಿಗಾಜು
ಓದಿ ಎದೆ ಧಸಕ್ ಅಂದಿತು. ತಂದ ದಿನ ಒಂದು ಸಲ ಅಯೋಡಿನ್ ಡಿಪ್ ಮಾಡಿದ್ದೆ, ಅಷ್ಟೇ. ಇವತ್ತು ರಾತ್ರಿ ಭೂತಗನ್ನಡಿ ಹಿಡಿದು ನೋಡುತ್ತೇನೆ.

ಸುಣ್ಣದತಿಳಿ
ಹುಳ ಇರಬಹುದು, ಇಲ್ಲದೆಯೂ ಇರಬಹುದು. ನನ್ನ ಪ್ರಶ್ನೆ ಬೇರೆ. ಆ 8.2 ಯಾವ ದಿನ, ಎಷ್ಟು ಹೊತ್ತಿಗೆ ಅಳೆದಿದ್ದು? ಆಲ್ಕಲಿನಿಟಿ ಹೇಗೆ ಸೇರಿಸುತ್ತೀರಿ?

ನೀಲಿಗಾಜು
ಭಾನುವಾರ ಸಂಜೆ ಅಳೆಯುತ್ತೇನೆ. ಸೋಡಿಯಂ ಬೈಕಾರ್ಬನೇಟ್ ಕರಗಿಸಿ ಭಾನುವಾರ ಬೆಳಿಗ್ಗೆ ವಾರದ್ದೆಲ್ಲ ಒಟ್ಟಿಗೆ ಹಾಕುತ್ತೇನೆ. ಕೆಲಸದ ದಿನ ಸಮಯ ಸಿಗುವುದಿಲ್ಲ. ಪ್ರತಿ ವಾರವೂ 8.1, 8.2 ಬರುತ್ತದೆ, ಹಾಗಾಗಿ ಗಟ್ಟಿಯಾಗಿ ನಿಂತಿದೆ ಅಂದುಕೊಂಡಿದ್ದೆ.

ಸುಣ್ಣದತಿಳಿ
ಸಿಕ್ಕಿತು. ನೀವು ವಾರಕ್ಕೊಮ್ಮೆ ಒಂದೇ ಗಳಿಗೆಯಲ್ಲಿ ಅಳೆಯುತ್ತಿದ್ದೀರಿ, ಅದೂ ತುಂಬಿದ ಮೇಲೆ. ಶನಿವಾರ ರಾತ್ರಿ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತಿಲ್ಲ. ಈ ವಾರ ಏನೂ ಬದಲಿಸಬೇಡಿ. ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ದೀಪ ಹತ್ತುವ ಮೊದಲು ಅಳೆದರೆ ಒಳ್ಳೆಯದು.

ಬೆಳಕಿನಮೀಟರ್
ಎಲ್ಲರೂ ನೀರು, ಹುಳ ಅಂತಿದ್ದೀರಿ. ಬೆಳಕು ಯಾರೂ ಕೇಳಲಿಲ್ಲ. ತಂದ ದಿನವೇ ಮೇಲ್ತುದಿಯಲ್ಲಿ ಅಂಟಿಸಿದ್ದಾರೆ. ಆ ಜಾಗದಲ್ಲಿ ಪಾರ್, ಅಂದರೆ ಹವಳಕ್ಕೆ ಸಿಗುವ ಬೆಳಕಿನ ಅಳತೆ, ಎಷ್ಟು? ಅಕ್ರೊಪೊರಾಗೆ 200ರಿಂದ 350 ಸಾಕು. ಆದರೆ ಅವು ಬಂದ ಟ್ಯಾಂಕಿನಲ್ಲಿ 150 ಇದ್ದು ನಿಮ್ಮಲ್ಲಿ 400 ಇದ್ದರೆ ಅದು ಸುಡುತ್ತದೆ. ಹೊಸ ತುಂಡನ್ನು ತಳದಲ್ಲಿ ರ‍್ಯಾಕ್ ಮೇಲೆ ಇಡಬೇಕು, ಎರಡು ಮೂರು ವಾರದಲ್ಲಿ ಮೆಲ್ಲಗೆ ಮೇಲೆ ತರಬೇಕು. ಅಥವಾ ದೀಪವನ್ನೇ ಕಡಿಮೆ ಮಾಡಿ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು.

ಅಲೆಗಾರ
ಬೆಳಕು ಕಾರಣವಾಗಿದ್ದರೆ ಬೆಳಕು ಬೀಳುವ ಮೇಲ್ಭಾಗ ಮೊದಲು ಹಾಳಾಗಬೇಕಿತ್ತು. ಇದು ನೆರಳಿನ ಬುಡದಿಂದ ಶುರುವಾಗಿದೆ.

ಬೆಳಕಿನಮೀಟರ್
ಸಾವಿಗೆ ಅದು ಕಾರಣ ಅಂತ ನಾನು ಹೇಳುತ್ತಿಲ್ಲ. ಮಂಕಾದ ಬಣ್ಣಕ್ಕೆ ಹೇಳುತ್ತಿದ್ದೇನೆ. ಒಂದು ಹವಳಕ್ಕೆ ಒಂದೇ ಕಷ್ಟ ಬರುತ್ತದೆ ಅಂತ ನಿಯಮ ಇಲ್ಲವಲ್ಲ.

ಅಲೆಗಾರ
ಅದು ಸರಿ. ಹಾಗಾದರೆ ನನ್ನದೂ ಒಂದು ಸೇರಿಸಿ: ಬುಡದಲ್ಲಿ ನೀರಿನ ಓಟ ಹೇಗಿದೆ? ಒಂದೇ ದಿಕ್ಕಿನಿಂದ ಪೈಪಿನ ಹಾಗೆ ಬಡಿಯುವ ನೀರು ಚರ್ಮ ಸುಲಿಯುತ್ತದೆ. ಓಟ ಇಲ್ಲದಿದ್ದರೆ ಕೊಂಬೆಗಳ ಸಂದಿನಲ್ಲಿ ಕಸ ಕೂತು ಅಲ್ಲಿಂದ ಕೊಳೆಯುತ್ತದೆ. ಬೇಕಾಗಿರುವುದು ಅತ್ತಿತ್ತ ತೂಗುವ, ದಿಕ್ಕು ಬದಲಿಸುವ ಓಟ. ಎದುರು ಬದುರು ಎರಡು ವೇವ್‌ಮೇಕರ್ ಇಟ್ಟು ಒಂದಾದ ಮೇಲೊಂದು ಓಡಿಸಿ. ಹವಳದ ಮೈಗೆ ಅಂಟಿಕೊಂಡಂತೆ ನಿಂತ ನೀರಿನ ಒಂದು ತೆಳು ಪದರ ಇರುತ್ತದೆ. ಓಟ ಚೆನ್ನಾಗಿದ್ದರೆ ಆ ಪದರ ಇನ್ನೂ ತೆಳುವಾಗುತ್ತದೆ, ಆಮ್ಲಜನಕ, ಕ್ಯಾಲ್ಸಿಯಂ ಎಲ್ಲ ಬೇಗ ತಲುಪುತ್ತದೆ.

ಪುಟ್ಟಟ್ಯಾಂಕ್
ಹವಳದಕೊಂಬೆ ಅಕ್ಕ, ನೀವು ಒಂದು ತುಂಡನ್ನು ಮೊದಲಿಂದ ಕೊನೆಯವರೆಗೆ ಹೇಗೆ ಅಂಟಿಸುತ್ತೀರಿ ಅಂತ ಬರೆಯುತ್ತೀರಾ? ನನ್ನ ಕೈಯಲ್ಲಿ ಬರ್ಡ್ಸ್‌ನೆಸ್ಟ್ ಮುರಿದೇ ಹೋಗುತ್ತದೆ.

ಹವಳದಕೊಂಬೆ
ಬರೆಯುತ್ತೇನೆ. ಇದು ನನಗೆ ತುಂಬಾ ಇಷ್ಟದ ಕೆಲಸ.

ತಂದ ತುಂಡನ್ನು ನೇರ ಕಲ್ಲಿಗೆ ಹಾಕುವುದೇ ಇಲ್ಲ. ಬೇರೆ ಸಣ್ಣ ತೊಟ್ಟಿಯಲ್ಲಿ ಐದಾರು ವಾರ ಇಡುತ್ತೇನೆ, ವಾರಕ್ಕೊಮ್ಮೆ ಡಿಪ್. ಪ್ಲಗ್ ಮೊದಲ ದಿನವೇ ಕತ್ತರಿಸಿ ಎಸೆಯುತ್ತೇನೆ. ಹುಳದ ಮೊಟ್ಟೆ, ಏಪ್ಟೇಸಿಯಾ (ಕಳೆಯ ಹಾಗೆ ಹಬ್ಬುವ ಸಮುದ್ರಹೂವು), ಪಾಚಿ ಎಲ್ಲ ಪ್ಲಗ್ ಮೇಲೇ ಸವಾರಿ ಬರುವುದು. ಕತ್ತರಿಸಲು ಮೂಳೆ ಕತ್ತರಿಸುವ ಕಟ್ಟರ್ ಬಳಸಿ. ಕತ್ತರಿ ಹಾಕಿದರೆ ಕೊಂಬೆ ಜಜ್ಜಿಹೋಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕಡ್ಡಾಯ. ಕಲ್ಲಿನ ಮೇಲೆ ಜೊಯಾಂಥಿಡ್ (ಗುಂಡಿಯಂಥ ಮೆತ್ತನೆಯ ಹವಳ) ಇದ್ದರೆ ಇನ್ನೂ ಜೋಪಾನ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಅಂಥ ಕಲ್ಲನ್ನು ಬ್ರಷ್ ಹಾಕಿ ಉಜ್ಜುವುದು, ಕುದಿಸುವುದು ಯಾವತ್ತೂ ಮಾಡಬೇಡಿ. ಆವಿಯಿಂದಲೇ ಮನೆಮಂದಿ ಆಸ್ಪತ್ರೆ ಸೇರಿದ ಪ್ರಸಂಗಗಳು ಇವೆ.

ಆಮೇಲೆ ಜಾಗ. ಅಂಟು ಹಚ್ಚುವ ಮೊದಲೇ ತುಂಡನ್ನು ಅಂಟಿಲ್ಲದೆ ಹಾಗೇ ಇಟ್ಟು ನೋಡಿ. ತಾನೇ ನಿಲ್ಲಬೇಕು. ತಾನೇ ನಿಲ್ಲದ ಜಾಗದಲ್ಲಿ ಅಂಟು ಎಷ್ಟು ಹಾಕಿದರೂ ಇವತ್ತಲ್ಲ ನಾಳೆ ಬೀಳುತ್ತದೆ. ನಾನು ಕಲ್ಲಿಗೆ ಸಣ್ಣ ಗುಂಡಿ ಕೊರೆದುಕೊಳ್ಳುತ್ತೇನೆ. ಜಾಗದ ಮೇಲಿನ ಪಾಚಿ, ಕೋರಲೈನ್ ಎಲ್ಲ ಟೂತ್‌ಬ್ರಷ್, ಚಾಕು ಹಾಕಿ ತೆಗೆದು ಬಿಳಿ ಕಲ್ಲು ಕಾಣುವಂತೆ ಮಾಡುತ್ತೇನೆ. ಮುಕ್ಕಾಲು ತುಂಡುಗಳು ಬೀಳುವುದು ಇದೊಂದು ಮಾಡದೆ. ಅಂಟು ಪಾಚಿಗೆ ಹಿಡಿದಿರುತ್ತದೆ, ಕಲ್ಲಿಗಲ್ಲ.

ಪಂಪ್‌ಗಳನ್ನೆಲ್ಲ ಆರಿಸಿ. ತುಂಡನ್ನು ನೀರಿನಿಂದ ತೆಗೆದು ಬುಡದ ತುದಿಯನ್ನು ಮಾತ್ರ ಬಟ್ಟೆಗೆ ಒತ್ತಿ ಒರೆಸಿ, ಕಡಲೆಕಾಳಿನಷ್ಟು ಜೆಲ್. ನೀರೊಳಗೆ ಹೋದ ಕೂಡಲೇ ಜೆಲ್ ಮೇಲೆ ಒಂದು ಸಿಪ್ಪೆ ಕಟ್ಟುತ್ತದೆ. ಆ ಸಿಪ್ಪೆ ಒಡೆಯದಿದ್ದರೆ ಹಿಡಿಯುವುದಿಲ್ಲ. ಕಲ್ಲಿಗೆ ಒತ್ತಿ ಸ್ವಲ್ಪ ಅತ್ತಿತ್ತ ತಿರುಗಿಸಿ, ಆಮೇಲೆ ಅಲ್ಲಾಡಿಸದೆ ಹಿಡಿಯಿರಿ. ನಿಧಾನಕ್ಕೆ ನೂರು ಎಣಿಸಿ. ಬರ್ಡ್ಸ್‌ನೆಸ್ಟನ್ನು ಕೊಂಬೆ ಹಿಡಿದು ಒತ್ತಬೇಡಿ, ಅವು ಸೂಜಿಯ ಹಾಗೆ. ಅದನ್ನು ಮೊದಲು ಹೊರಗೆ ಒಂದು ಸಣ್ಣ ಕಲ್ಲಿನ ಚೂರಿಗೆ ಅಂಟಿಸಿ, ಆಮೇಲೆ ಆ ಚೂರನ್ನು ಹಿಡಿದು ಬಂಡೆಗೆ ಅಂಟಿಸಿ.

ಅಂಟು ಕೊಂಬೆಯ ಮೇಲೆ ಹತ್ತಬಾರದು. ಸಾಧ್ಯವಾದರೆ ಬುಡದ ಚರ್ಮ ಒಂದು ಕಡೆಯಾದರೂ ಬರೀ ಕಲ್ಲನ್ನೇ ಮುಟ್ಟುವ ಹಾಗೆ ಇಡಿ. ಹವಳ ಅಲ್ಲಿಂದ ಕಲ್ಲಿನ ಮೇಲೆ ಹರಿದು ಹಬ್ಬುತ್ತದೆ. ನಿಜವಾದ ಅಂಟು ಅದೇ. ನಮ್ಮ ಜೆಲ್ ಆ ದಿನದವರೆಗೆ ಹಿಡಿದರೆ ಸಾಕು. ಅದಕ್ಕೇ ಹೇಳುವುದು, ಅಂಟಿಸಿದ ಮೇಲೆ ಜಾಗ ಬದಲಿಸಬೇಡಿ. ಪ್ರತಿ ಸಲ ಕಿತ್ತಾಗಲೂ ಹಬ್ಬಲು ಶುರುವಾಗಿದ್ದ ಆ ಎಳೆ ಅಂಚು ಹರಿದುಹೋಗುತ್ತದೆ. ನೀಲಿಗಾಜು ಅವರ ಎರಡು ತುಂಡು ಮೂರು ಸಲ ಬುಡ ಕಳೆದುಕೊಂಡಿವೆ.

ನೀಲಿಗಾಜು
ಮನಸ್ಸಿಗೆ ನಾಟಿತು. ಆದರೆ ಒಂದು ವಿಷಯ. ಮೂರನೆಯದು ಒಮ್ಮೆಯೂ ಬಿದ್ದಿರಲಿಲ್ಲ. ಅಂಟು ಕೂಡ ಕಡಿಮೆಯೇ ಇತ್ತು. ಅದೂ ಹೋಯಿತು.

ಸುಣ್ಣದತಿಳಿ
ಅದಕ್ಕೇ ನಾನು ಲೆಕ್ಕ ಕೇಳಿದ್ದು.

ಗಟ್ಟಿಅಂಟು
ಇನ್ನೊಂದು ಉಪಾಯ ಹೇಳುತ್ತೇನೆ. ಕೊಂಬೆಯನ್ನು ನೆಟ್ಟಗೆ ನಿಲ್ಲಿಸುವ ಬದಲು ಅಡ್ಡ ಮಲಗಿಸಿ ಅಂಟಿಸಿ. ಇಡೀ ಉದ್ದ ಕಲ್ಲಿಗೆ ತಾಗಿರುತ್ತದೆ, ಬೇಗ ಹಬ್ಬುತ್ತದೆ. ಮೇಲಿನ ಕಡೆಯಿಂದ ನಾಲ್ಕೈದು ಹೊಸ ಕೊಂಬೆ ಎದ್ದು ಬರುತ್ತವೆ. ನೋಡಲು ಮೊದಲು ಚೆನ್ನಾಗಿರುವುದಿಲ್ಲ, ಆರು ತಿಂಗಳ ಮೇಲೆ ಪೊದೆಯಾಗುತ್ತದೆ.

ಹವಳದಕೊಂಬೆ
ಇದು ಚಿನ್ನದಂಥ ಮಾತು. ಎಲ್ಲರೂ ಬರೆದಿಟ್ಟುಕೊಳ್ಳಿ.

ಹಳೆಉಪ್ಪು
ಎಲ್ಲ ಓದುತ್ತಾ ಹಳೆಯದು ನೆನಪಾಯಿತು. ಒಂದು ಕಾಲದಲ್ಲಿ ಈ ಹವಳಗಳು ಮನೆಯಲ್ಲಿ ಬದುಕುವುದೇ ಇಲ್ಲ ಅಂತ ಎಲ್ಲರೂ ನಂಬಿದ್ದರು. 1980ರ ದಶಕದಲ್ಲಿ ಬರ್ಲಿನ್‌ನ ಡೀಟ್ರಿಚ್ ಸ್ಟ್ಯೂಬರ್ ಎಂಬ ಹವ್ಯಾಸಿ ಅಕ್ರೊಪೊರಾ ಬೆಳೆಸಿ ತೋರಿಸಿದರು. ಅದರ ತುಂಡುಗಳನ್ನು ಸ್ನೇಹಿತರಿಗೆ ಕೊಟ್ಟರು, ಅವರು ಇನ್ನೊಬ್ಬರಿಗೆ ಕೊಟ್ಟರು, ಯುರೋಪಿನ ತುಂಬಾ ಹಬ್ಬಿತು. ಜೀವಂತ ಕಲ್ಲು, ಒಳ್ಳೆಯ ಸ್ಕಿಮ್ಮರ್, ಜೋರು ಬೆಳಕು, ಸುಣ್ಣದ ನೀರು. ಇದನ್ನೇ ಬರ್ಲಿನ್ ಪದ್ಧತಿ ಅನ್ನುವುದು. ಇವತ್ತಿಗೂ ನಮ್ಮ ಟ್ಯಾಂಕುಗಳ ಬೆನ್ನೆಲುಬು ಅದೇ.

ಪುಟ್ಟಟ್ಯಾಂಕ್
ಅದ್ಭುತ. ಟ್ಯಾಂಕಿನಲ್ಲಿ ಹವಳ ಮರಿ ಹಾಕುತ್ತದಾ ಅಥವಾ ಬರೀ ತುಂಡು ಮಾಡಿಯೇ ಬೆಳೆಸಬೇಕಾ?

ಹಳೆಉಪ್ಪು
ಅದೂ ಆಗಿದೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮೀ ಕ್ರಾಗ್ಸ್ ಮತ್ತು ಅವರ ತಂಡ ಸಮುದ್ರದ ಹವಳದ ದಿಬ್ಬದ ಋತು, ನೀರಿನ ಶಾಖ, ಹಗಲಿನ ಉದ್ದ, ಚಂದ್ರನ ಬೆಳಕು ಎಲ್ಲವನ್ನೂ ಟ್ಯಾಂಕಿನಲ್ಲಿ ನಕಲು ಮಾಡಿ ಅಕ್ರೊಪೊರಾ ಮೊಟ್ಟೆ ಬಿಡುವಂತೆ ಮಾಡಿತು. 2017ರಲ್ಲಿ ವಿಧಾನವನ್ನೆಲ್ಲ ಪ್ರಕಟಿಸಿದರು. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹವಳ ಹುಣ್ಣಿಮೆಯಾದ ಕೆಲವು ರಾತ್ರಿಗಳಲ್ಲಿ ಒಟ್ಟಿಗೆ ಮೊಟ್ಟೆ ಬಿಡುತ್ತವೆ ಅಂತ ಜಗತ್ತಿಗೆ ಗೊತ್ತಾಗಿದ್ದೇ 1980ರ ದಶಕದಲ್ಲಿ. ಆಲೋಚಿಸಿ ನೋಡಿ, ಮೂವತ್ತು ಚಿಲ್ಲರೆ ವರ್ಷಕ್ಕೆ ಅದು ಗಾಜಿನ ತೊಟ್ಟಿಗೆ ಬಂತು.

ಮೂರನೇಟ್ಯಾಂಕ್
ವಿಷಯ ಬೇರೆ ಕಡೆ ಹೋಗುತ್ತಿದೆ, ಆದರೂ ಒಂದು ಹೇಳಿಬಿಡುತ್ತೇನೆ. ನನ್ನ ಪೊಸಿಲೊಪೊರಾ ಹವಳದ ಜೊತೆ ಒಂದು ಟ್ರಪೀಜಿಯಾ ಏಡಿ ಬಂದಿತ್ತು. ಉಗುರಿನಷ್ಟು ಗಾತ್ರ. ಕೈ ಹಾಕಿದರೆ ಚಿಮಟ ತೋರಿಸಿ ಎದುರು ಬರುತ್ತಿತ್ತು. ಮೊದಲು ಕೆಟ್ಟದ್ದು ಅಂತ ತೆಗೆಯಲು ಹೋಗಿದ್ದೆ, ಆಮೇಲೆ ಓದಿದಾಗ ಗೊತ್ತಾಯಿತು. ಸಮುದ್ರದಲ್ಲಿ ಅದು ತನ್ನ ಹವಳ ತಿನ್ನಲು ಬರುವ ಮುಳ್ಳಿನ ಕಿರೀಟದ ನಕ್ಷತ್ರಮೀನನ್ನೂ ಓಡಿಸುತ್ತದೆ. ಕಸವನ್ನೂ ತೆಗೆಯುತ್ತದೆ. ಸಿಕ್ಕರೆ ದಯವಿಟ್ಟು ಇಟ್ಟುಕೊಳ್ಳಿ.

ನೀಲಿಗಾಜು
ಐದು ದಿನದ ವರದಿ.

ಭೂತಗನ್ನಡಿ ಹಿಡಿದು ಎರಡು ರಾತ್ರಿ ನೋಡಿದೆ. ಮೊಟ್ಟೆ ಇಲ್ಲ. ಸತ್ತ ಮೂಳೆಗಳ ಬುಡವನ್ನೂ ನೋಡಿದೆ, ಇಲ್ಲ. ಉಳಿದ ಎರಡು ಅಕ್ರೊಪೊರಾಗೆ ಡಬ್ಬಿಯಲ್ಲಿ ಡಿಪ್ ಮಾಡಿ ಪಿಪೆಟ್‌ನಿಂದ ಊದಿದೆ. ಎರಡು ಸಣ್ಣ ಮುಳ್ಳುಹುಳ ಬಿಟ್ಟರೆ ಏನೂ ಬೀಳಲಿಲ್ಲ.

ಆಲ್ಕಲಿನಿಟಿ: ಮಂಗಳವಾರ 7.3, ಬುಧವಾರ 7.0, ಗುರುವಾರ 6.7, ಶುಕ್ರವಾರ 6.4, ಶನಿವಾರ 6.1. ಇದು ನೋಡಿ ನನಗೆ ನಂಬಲು ಆಗಲಿಲ್ಲ. ಎರಡು ಸಲ ಅಳೆದೆ.

ಸುಣ್ಣದತಿಳಿ
ದಿನಕ್ಕೆ 0.3. ಶನಿವಾರ 6.1, ಭಾನುವಾರ ಬೆಳಿಗ್ಗೆ ಹತ್ತು ನಿಮಿಷದಲ್ಲಿ 8ಕ್ಕೆ ಜಿಗಿತ. ಎಂಟು ವಾರ ಹೀಗೇ. ಮೆತ್ತನೆಯ ಹವಳಕ್ಕೆ ಇದು ಗೊತ್ತೇ ಆಗುವುದಿಲ್ಲ, ಮಾಂಟಿಪೊರಾ ತಡೆದುಕೊಂಡಿದೆ. ಅಕ್ರೊಪೊರಾ ತಡೆಯುವುದಿಲ್ಲ. 7 ಇರಲಿ, 8.5 ಇರಲಿ, ಒಂದು ಕಡೆ ನಿಂತಿರಬೇಕು. ಸಮುದ್ರದಲ್ಲಿ ಸುಮಾರು 7ರ ಹತ್ತಿರ ಇದ್ದು ಅಲ್ಲೇ ಇರುತ್ತದೆ. ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಜಾಸ್ತಿ ಏರಿಳಿತ ಬೇಡ.

ಲೆಕ್ಕ ಸುಲಭ. 100 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಸೋಡಿಯಂ ಬೈಕಾರ್ಬನೇಟ್ ಬೇಕು. ನಿಮ್ಮ 260 ಲೀಟರಿಗೆ ದಿನಕ್ಕೆ 0.3 ಅಂದರೆ 2.3 ಗ್ರಾಂ. ಡೋಸಿಂಗ್ ಪಂಪ್ ಇಟ್ಟು ಅದನ್ನು ದಿನದಲ್ಲಿ ಹತ್ತು ಹನ್ನೆರಡು ಸಲವಾಗಿ ಹಂಚಿಬಿಡಿ. ಜೊತೆಗೆ ಕ್ಯಾಲ್ಸಿಯಂ ಮರೆಯಬೇಡಿ. ಹವಳ ಮೂಳೆ ಕಟ್ಟುವಾಗ 2.8 ಡಿಕೆಎಚ್‌ಗೆ ಸುಮಾರು 20 ಪಿಪಿಎಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ನಿಮಗೆ ವಾರಕ್ಕೆ 15 ಪಿಪಿಎಂ.

ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಸುಣ್ಣದ ತಿಳಿ ಹಾಕುತ್ತೇನೆ. ಎರಡೂ ಒಟ್ಟಿಗೆ ಸಿಗುತ್ತವೆ. ಲೀಟರ್ ಆರ್‌ಒ ನೀರಿಗೆ 2 ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕಿ ಕಲಕಿ ಬಿಡಿ. ಕರಗುವಷ್ಟು ಕರಗುತ್ತದೆ, ಉಳಿದದ್ದು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬಳಸಿ. ನಿಮ್ಮ ಟ್ಯಾಂಕಿಗೆ ದಿನಕ್ಕೆ ಮುಕ್ಕಾಲು ಲೀಟರ್ ಸಾಕು, ಆವಿಯಾದ ನೀರಿನ ಜಾಗಕ್ಕೆ ಅದೇ ಹೋಗುತ್ತದೆ. ರಾತ್ರಿ ಹನಿಹನಿಯಾಗಿ ಬಿಡಿ. ಅದರ ಪಿಎಚ್ 12 ದಾಟಿರುತ್ತದೆ, ಲೆಕ್ಕ ಮೀರಿ ಒಟ್ಟಿಗೆ ಸುರಿದರೆ ಎಲ್ಲ ಸಾಯುತ್ತವೆ.

ಅಲೆಗಾರ
ಒಪ್ಪುತ್ತೇನೆ, ಆದರೆ ಸುಣ್ಣಕ್ಕೆ ಸ್ವಯಂಚಾಲಿತ ನೀರು ತುಂಬುವ ಪಂಪ್ ಜೋಡಿಸಿ ಊರಿಗೆ ಹೋಗಬೇಡಿ. ನನ್ನ ಫ್ಲೋಟ್ ಸ್ವಿಚ್ ಒಂದು ಸಲ ಸಿಕ್ಕಿಹಾಕಿಕೊಂಡು ಐದು ಲೀಟರ್ ಒಳಗೆ ಹೋಯಿತು. ನೀರು ಹಾಲಿನ ಹಾಗೆ ಆಗಿತ್ತು. ಎರಡು ಮೀನು ಬಿಟ್ಟು ಏನೂ ಉಳಿಯಲಿಲ್ಲ. ಹೊಸಬರಿಗೆ ಡೋಸಿಂಗ್ ಪಂಪ್‌ನಲ್ಲಿ ಬೈಕಾರ್ಬನೇಟೇ ಸುರಕ್ಷಿತ.

ಸುಣ್ಣದತಿಳಿ
ಅದು ಸುಣ್ಣದ ತಪ್ಪಲ್ಲ, ಸ್ವಿಚ್ಚಿನದು. ಒಂದು ದಿನದ ಲೆಕ್ಕಕ್ಕಿಂತ ದೊಡ್ಡ ಡಬ್ಬಿಯೇ ಇಡಬಾರದು. ಆಗ ಪೂರ್ತಿ ಸುರಿದರೂ ಟ್ಯಾಂಕ್ ತಡೆದುಕೊಳ್ಳುತ್ತದೆ.

ಅಲೆಗಾರ
ಹಾಗೆ ಮಾಡಿದರೆ ಸರಿ. ಆದರೆ ಹೆಚ್ಚಿನವರು ಹಾಗೆ ಮಾಡುವುದಿಲ್ಲ.

ಮೂರನೇಟ್ಯಾಂಕ್
ನೀಲಿಗಾಜು, ಹುಳ ಸಿಗಲಿಲ್ಲ ಅಂತ ಡಿಪ್ ನಿಲ್ಲಿಸಬೇಡಿ. ಇನ್ನೂ ಎರಡು ವಾರ ಮಾಡಿ. ಒಂದು ಸಲ ಕಾಣದಿರುವುದು ಇಲ್ಲ ಅಂತ ಅರ್ಥವಲ್ಲ.

ಹವಳದಕೊಂಬೆ
ಬೇಡ. ಇಲ್ಲಿ ನಾನು ಒಪ್ಪುವುದಿಲ್ಲ. ಅವು ಈಗಾಗಲೇ ಸೋತಿವೆ. ಮತ್ತೆ ಕಿತ್ತು, ಡಿಪ್ ಮಾಡಿ, ಮತ್ತೆ ಅಂಟಿಸಿದರೆ ಅದೇ ಕೊನೆಯಾಗಬಹುದು. ಕಚ್ಚಿದ ಗುರುತು ಇಲ್ಲ, ಮೊಟ್ಟೆ ಇಲ್ಲ. ಇದ್ದಲ್ಲೇ ಪಿಪೆಟ್‌ನಿಂದ ವಾರಕ್ಕೊಮ್ಮೆ ಜೋರಾಗಿ ಊದಿ ನೋಡಲಿ, ಹುಳ ಇದ್ದರೆ ಹಾರಿ ಕಾಣುತ್ತದೆ.

ಮೂರನೇಟ್ಯಾಂಕ್
ನನ್ನ ಹನ್ನೊಂದು ಹವಳ ಕಣ್ಣ ಮುಂದೆ ಬರುತ್ತವೆ, ಅದಕ್ಕೆ ಹೇಳಿದೆ. ಆಗಲಿ, ಊದಿ ನೋಡುವುದು ಒಳ್ಳೆಯ ದಾರಿ. ಮುಂದೆ ತರುವ ಹೊಸ ತುಂಡುಗಳಿಗೆ ಮಾತ್ರ ಬೇರೆ ತೊಟ್ಟಿ ತಪ್ಪಿಸಬೇಡಿ.

ಬೆಳಕಿನಮೀಟರ್
ಪಾರ್?

ನೀಲಿಗಾಜು
ಮೀಟರ್ ಎರವಲು ತಂದೆ. ಮೇಲ್ತುದಿಯಲ್ಲಿ 390. ಬಲಗಡೆ ಕೆಳಗಿನ ಚಾಚಿನಲ್ಲಿ 180.

ಬೆಳಕಿನಮೀಟರ್
ಹವಳ ಕದಲಿಸಬೇಡಿ, ದೀಪ ಇಳಿಸಿ. ಈಗಿರುವುದರ ನೂರಕ್ಕೆ ಅರುವತ್ತು ಭಾಗಕ್ಕೆ ತನ್ನಿ. ವಾರಕ್ಕೆ ಐದು ಭಾಗ ಏರಿಸಿ, 300ರ ಹತ್ತಿರ ನಿಲ್ಲಿಸಿ. ಅಲ್ಲಿಂದ ಮೇಲೆ ಕೊಟ್ಟು ಸಿಗುವುದು ಏನೂ ಇಲ್ಲ. ಇನ್ನೊಂದು ಮಾತು. ಬೆಳಕು ಜಾಸ್ತಿಯಾದರೆ ಆಲ್ಕಲಿನಿಟಿ ಕೂಡ ಬೇಗ ಖರ್ಚಾಗುತ್ತದೆ, ಹವಳ ಕತ್ತಲಲ್ಲಿ ಕಟ್ಟುವುದಕ್ಕಿಂತ ಬೆಳಕಿನಲ್ಲಿ ಎಷ್ಟೋ ಪಟ್ಟು ಜಾಸ್ತಿ ಮೂಳೆ ಕಟ್ಟುತ್ತದೆ. ಹಾಗಾಗಿ ದೀಪ ಬದಲಿಸಿದ ವಾರ ಮತ್ತೆ ಅಳೆಯಿರಿ.

ಹಳೆಉಪ್ಪು
ನೈಟ್ರೇಟ್ 5, ಫಾಸ್ಫೇಟ್ 0.05 ಚೆನ್ನಾಗಿದೆ, ಅದನ್ನು ಸೊನ್ನೆಗೆ ತರಲು ಹೋಗಬೇಡಿ. ಹೊಸಬರು ಸ್ವಚ್ಛ ನೀರು ಅಂತ ಎಲ್ಲ ಹೀರಿಸಿಬಿಡುತ್ತಾರೆ. ಹವಳ ಹಸಿವಿನಿಂದ ಮಂಕಾಗುತ್ತದೆ, ಕಲ್ಲಿನ ಮೇಲೆ ಡೈನೊ (ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಲೋಳೆ ಬರುತ್ತದೆ.

ನೀಲಿಗಾಜು
ಏಳು ವಾರ ಆಯಿತು. ಮರೆತಿಲ್ಲ, ಬರೆಯುವಂಥದ್ದು ಆಗಲಿ ಅಂತ ಕಾಯುತ್ತಿದ್ದೆ.

ಡೋಸಿಂಗ್ ಪಂಪ್ ಹಾಕಿದೆ, ಬೈಕಾರ್ಬನೇಟ್ ಮತ್ತು ಕ್ಯಾಲ್ಸಿಯಂ ಎರಡಕ್ಕೂ. ಸುಣ್ಣಕ್ಕೆ ಇನ್ನೂ ಧೈರ್ಯ ಬಂದಿಲ್ಲ. ಮೊದಲ ಹತ್ತು ದಿನ ದಿನಕ್ಕೆ 0.2 ಮಾತ್ರ ಏರಿಸಿ 7.8ಕ್ಕೆ ತಂದೆ. ಈಗ 7.7ರಿಂದ 7.9ರ ಒಳಗೆ ನಿಂತಿದೆ. ದೀಪ ಇಳಿಸಿದೆ, ಈಗ ಮೇಲ್ತುದಿಯಲ್ಲಿ 290. ಯಾವುದನ್ನೂ ಕೈಯಿಂದ ಮುಟ್ಟಿಲ್ಲ.

ನೀಲಿ ತುದಿಯ ಅಕ್ರೊಪೊರಾದ ಬುಡದಲ್ಲಿ ಒಂದು ಕಡೆ ಅರ್ಧ ಸೆಂಟಿಮೀಟರ್ ಬಿಳಿ ಮೂಳೆ ಕಾಣುತ್ತಿತ್ತು. ಮೂರನೇ ವಾರ ಸಾವು ಅಲ್ಲೇ ನಿಂತಿತು. ಐದನೇ ವಾರ ಆ ಮೂಳೆಯ ಮೇಲೆ ಚರ್ಮ ಇಳಿಯಲು ಶುರುವಾಯಿತು. ಮೊನ್ನೆ ನೋಡಿದರೆ ಅಂಟಿನ ಅಂಚು ದಾಟಿ ಕಲ್ಲಿನ ಮೇಲೆ ಬಿಳಿ ಅಂಚಿನ ತೆಳು ಪದರ ಹರಿದಿದೆ. ಉಗುರಿನ ಅಗಲ ಇರಬಹುದು. ತುದಿಯೂ ಬೆಳ್ಳಗಿದೆ, ಆದರೆ ಇದು ಬೆಳೆಯುವ ಬಿಳಿ, ಪಾಲಿಪ್ ಚಿಕ್ಕದಾಗಿ ಕಾಣುತ್ತದೆ. ಹೆಂಡತಿ, ಮಕ್ಕಳನ್ನು ಕರೆದು ತೋರಿಸಿದೆ. ಬರ್ಡ್ಸ್‌ನೆಸ್ಟ್ ಮೂರು ಹೊಸ ಕೊಂಬೆ ಬಿಟ್ಟಿದೆ. ಇನ್ನೊಂದು ಅಕ್ರೊಪೊರಾ ಹಾಗೇ ಇದೆ, ಬೆಳೆದಿಲ್ಲ, ಸತ್ತೂ ಇಲ್ಲ.

ಅದರ ಬಗ್ಗೆಯೇ ಒಂದು ಪ್ರಶ್ನೆ. ಅದರ ಪಕ್ಕದ ಕಲ್ಲಿನಲ್ಲಿ ಸಣ್ಣ ಸುಣ್ಣದ ಕೊಳವೆ ಇದೆ. ಅದರಿಂದ ಜೇಡರ ಬಲೆಯಂಥ ಎಳೆ ಹೊರಟು ಹವಳದ ಮೇಲೆ ಬೀಳುತ್ತಿದೆ. ಆ ಕಡೆಯ ಪಾಲಿಪ್ ತೆರೆಯುವುದೇ ಇಲ್ಲ.

ಹವಳದಕೊಂಬೆ
ಓದಿ ಕಣ್ಣು ತುಂಬಿ ಬಂತು. ಆ ಹರಿದ ಅಂಚೇ ಬೇಕಾಗಿದ್ದದ್ದು.

ಆ ಕೊಳವೆ ವರ್ಮೆಟಿಡ್ ಬಸವನಹುಳು. ಎಳೆ ಬಿಟ್ಟು ನೀರಿನಲ್ಲಿ ಬರುವ ಆಹಾರ ಹಿಡಿಯುತ್ತದೆ, ಆ ಲೋಳೆ ಹವಳಕ್ಕೆ ಕಿರಿಕಿರಿ. ಕೊಳವೆಯ ಬಾಯಿಗೆ ಒಂದು ಹನಿ ಸೂಪರ್‌ಗ್ಲೂ ಜೆಲ್ ಹಾಕಿ ಮುಚ್ಚಿಬಿಡಿ. ಪಂಪ್ ಆರಿಸಿ ಮಾಡಿ, ಹವಳಕ್ಕೆ ತಾಗದ ಹಾಗೆ.

ಗಟ್ಟಿಅಂಟು
ಅಕ್ಕಪಕ್ಕದಲ್ಲೂ ಹುಡುಕಿ. ಒಂದೇ ಇರುವುದು ಅಪರೂಪ. ಎಳೆ ಚೆನ್ನಾಗಿ ಕಾಣಬೇಕೆಂದರೆ ಮೀನಿಗೆ ಆಹಾರ ಹಾಕಿದ ಮೇಲೆ ನೋಡಿ.

ನೀಲಿಗಾಜು
ಈಗಷ್ಟೇ ಆಹಾರ ಹಾಕಿ ನೋಡಿದೆ. ನಾಲ್ಕು ಇವೆ. ಜೆಲ್ ಹುಡುಕುತ್ತಿದ್ದೇನೆ.